ಒಂದೇ ಬಳ್ಳಿಯ ಹಲವು ಹೆಸರು

ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದ ಮರುದಿನ ದ್ರಾಕ್ಷಿ ತೋಟಕ್ಕೆ ಹೋದರೆ ಕಾಣುವುದು ತಂತಿಯ ಮೇಲೆ ಚಾಚಿದ ಬೋಳು ಕಡ್ಡಿಗಳಷ್ಟೇ. ಥಾಮ್ಸನ್ ಯಾವುದು, ಸೋನಾಕಾ ಯಾವುದು, ಮಾಣಿಕ್ ಚಮನ್ ಯಾವುದು ಎಂದು ಆ ಹೊತ್ತಿನಲ್ಲಿ ಎದೆ ತಟ್ಟಿ ಹೇಳುವವರು ಸಿಗುವುದು ಕಷ್ಟ. ಆದರೆ ಹೊಸ ತೋಟಕ್ಕೆ ಕಸಿ ಕಟ್ಟಲು ಬೇಕಾದ ಕಡ್ಡಿಗಳು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವುದು ಹೆಚ್ಚಾಗಿ ಇದೇ ದಿನಗಳ ಆಸುಪಾಸಿನಲ್ಲಿ. ಒದ್ದೆ ಗೋಣಿಚೀಲದಲ್ಲಿ ಸುತ್ತಿದ ಕಟ್ಟಿನ ಮೇಲೆ ಬರೆದ ಹೆಸರನ್ನು ನಂಬಬೇಕು, ಕೊಟ್ಟವರ ಮಾತನ್ನು ನಂಬಬೇಕು. ಎಲೆ ಬಂದು, ಹಣ್ಣು ಬಂದು, ಆ ಹೆಸರು ನಿಜವೋ ಸುಳ್ಳೋ ಎಂದು ತಿಳಿಯುವ ಹೊತ್ತಿಗೆ ಕಂಬ, ತಂತಿ, ಹನಿ ನೀರಾವರಿ ಎಂದು ಸಾಲ ಆಗಿರುತ್ತದೆ.

ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನ ಒಬ್ಬ ರೈತರಿಗೆ ಈ ಸಂಗತಿ ಹುಡುಗುತನದಿಂದಲೇ ಗೊತ್ತು. ಈಗ ಐವತ್ತು ದಾಟಿರುವ ಅವರ ಮನೆತನದ್ದು ಕಬ್ಬು, ಗೋವಿನಜೋಳದ ಒಕ್ಕಲುತನ. ದ್ರಾಕ್ಷಿ ಅವರಿಗೆ ತಾಯಿಯ ತವರಿನಿಂದ ಅಂಟಿದ ಹುಚ್ಚು. ಸೋದರಮಾವನ ಊರು ಕೃಷ್ಣಾ ನದಿ ದಾಟಿ, ಅಥಣಿ ದಾಟಿ, ತೆಲಸಂಗದ ಕಡೆಯ ಒಣ ಸೀಮೆಯಲ್ಲಿ. ಮಳೆ ಕಡಿಮೆ, ಗಾಳಿ ಒಣ. ಬೇರೆ ಬೆಳೆಗೆ ಕಂಟಕವಾದ ಆ ಹವೆಯೇ ಒಣದ್ರಾಕ್ಷಿಗೆ ಹೇಳಿ ಮಾಡಿಸಿದ್ದು. ಹುಡುಗ ಬ್ಯಾಸಗಿ ಸೂಟಿಗೆ ಅಲ್ಲಿಗೆ ಹೋಗುವ ಹೊತ್ತಿಗೆ ಕೊನೆಯ ಕೊಯ್ಲಿನ ಹಣ್ಣು ಶೆಡ್ಡಿನಲ್ಲಿ ಒಣಗುತ್ತಿರುತ್ತಿತ್ತು. ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆ ಕದಡಿದ ನೀರಿನಲ್ಲಿ ಗೊಂಚಲುಗಳನ್ನು ಅದ್ದಿ, ಬಲೆಯ ಅಂತಸ್ತುಗಳ ಮೇಲೆ ಹರವಿದರೆ ಸುಮಾರು ಎರಡು ವಾರಕ್ಕೆ ಮಣೂಕ ಸಿದ್ಧ. ನಾಲ್ಕು ಕಿಲೊ ಹಣ್ಣಿಗೆ ಹೆಚ್ಚುಕಡಿಮೆ ಒಂದು ಕಿಲೊ. ಮಾಲು ಹೋಗುತ್ತಿದ್ದದ್ದು ತಾಸಗಾವ, ಸಾಂಗಲಿಯ ಪೇಟೆಗೆ. ಜತ್ತ ತಾಲ್ಲೂಕಿನ ಕನ್ನಡದ ಹಳ್ಳಿಗಳವರೂ ಅದೇ ಪೇಟೆಗೆ ಬರುತ್ತಿದ್ದರು. ಅವರವರೊಳಗೆ ಲೆಕ್ಕ ಕನ್ನಡದಲ್ಲಿ, ದಲ್ಲಾಳಿಯ ಜೊತೆ ದರದ ಮಾತು ಮರಾಠಿಯಲ್ಲಿ.

ಮಾವನ ತೋಟದಲ್ಲಿ ಹುಡುಗ ಕಲಿತ ಮೊದಲ ಪಾಠ, ಹಣ್ಣು ನೋಡಿ ಹೆಸರು ಹೇಳಬಾರದು ಎಂಬುದು.

"ಮಾಮಾ, ಈ ಸಾಲಿನ್ಯಾಗ ಕಾಯಿ ಉದ್ದ ಅದಾವು. ಇದು ಸೋನಾಕಾ ಹೌದಲ್ಲ?"

"ಅಳಿಯಾ, ಆ ಉದ್ದ ಜಿಎ ಕೊಟ್ಟದ್ದು. ಹಣ್ಣ ಔಷಧದಾಗ ತಯಾರಾಗತೈತಿ. ಎಲಿ ಹುಟ್ಟಿದ್ದು ಹುಟ್ಟಿದಂಗ ಇರತೈತಿ. ಎಲಿ ಹರಕೊಂಡು ತಿರುವಿ ನೋಡು."

ಜಿಎ ಎಂದರೆ ಜಿಬ್ಬರೆಲಿಕ್ ಆಮ್ಲ. ಥಾಮ್ಸನ್ ಜಾತಿಯ ದ್ರಾಕ್ಷಿಯಲ್ಲಿ ಬೀಜ ಹುಟ್ಟುವುದೇ ಇಲ್ಲ ಎಂದಲ್ಲ. ಹುಟ್ಟಿ, ಅರ್ಧಕ್ಕೇ ನಿಂತು, ಹಲ್ಲಿಗೆ ಸಿಗದಷ್ಟು ಸಣ್ಣ ಗುರುತಾಗಿ ಉಳಿಯುತ್ತದೆ. ಬೀಜ ಬಲಿತಿದ್ದರೆ ಕಾಯಿಗೆ ಸಿಗಬೇಕಿದ್ದ ಚೋದಕ ಸಿಗದೆ ಕಾಯಿ ಚಿಕ್ಕದಾಗುತ್ತದೆ. ಆ ಕೊರತೆಯನ್ನು ರೈತ ಹೊರಗಿನಿಂದ ತುಂಬುತ್ತಾನೆ. ಹೂವಿಗೆ ಮುಂಚೆ ಗೊಂಚಲು ಸಡಿಲಾಗಲು ಒಮ್ಮೆ, ಕಾಯಿ ಕಟ್ಟಿದ ಮೇಲೆ ಉಬ್ಬಲು ಮತ್ತೆ. ಹೀಗೆ ಬೆಳೆಸಿದ ಥಾಮ್ಸನ್ ಕಾಯಿ, ಬೆಳೆಸದೆ ಬಿಟ್ಟ ಮಾಣಿಕ್ ಚಮನ್ ಕಾಯಿ ಅಕ್ಕಪಕ್ಕ ಇಟ್ಟರೆ ಕಣ್ಣು ಖಂಡಿತ ಮೋಸ ಹೋಗುತ್ತದೆ. ಅದಕ್ಕೇ ಮಾವ ಪ್ರತಿ ಸಾಲಿನ ಕೊನೆಯ ಬಳ್ಳಿಯಲ್ಲಿ ಕೆಲವು ಗೊಂಚಲುಗಳನ್ನು ಔಷಧಕ್ಕೆ ಮುಟ್ಟಿಸದೆ ಬಿಡುತ್ತಿದ್ದರು. ತಳಿಯ ನಿಜವಾದ ಕಾಯಿ ಕಾಣುತ್ತಿದ್ದದ್ದು ಅಲ್ಲಿ: ಥಾಮ್ಸನ್‌ದು ಸಣ್ಣ ಅಂಡಾಕಾರ, ತಾಸ್-ಎ-ಗಣೇಶದ್ದು ಅದೇ ಆಕಾರದಲ್ಲಿ ತುಸು ತುಂಬಿದ್ದು, ಸೋನಾಕಾದ್ದು ಉದ್ದನೆಯದು, ಮಾಗಿದಾಗ ಹೊನ್ನಿನ ಬಣ್ಣಕ್ಕೆ ತಿರುಗುವಂಥದ್ದು.

ಎಲೆ ನೋಡುವುದಕ್ಕೂ ಒಂದು ಕ್ರಮವಿದೆ, ಯಾವುದೋ ಒಂದು ಎಲೆ ಹರಿದರೆ ನಡೆಯುವುದಿಲ್ಲ. ಬುಡದ ಎಲೆಗಳು ಒಂದು ಥರ, ತುದಿಯವು ಇನ್ನೊಂದು ಥರ, ಉಪಕುಡಿಯ ಎಲೆಗಳು ಮತ್ತೊಂದು ಥರ. ಕಾಯಿ ಕಟ್ಟಿದ ಮೇಲೆ, ಹಣ್ಣು ಮೆತ್ತಗಾಗಿ ಬಣ್ಣ ತಿರುಗುವ ಮೊದಲು, ಗೊಂಚಲಿಗಿಂತ ಮೇಲೆ, ಕಡ್ಡಿಯ ನಡುಭಾಗದಿಂದ ತೆಗೆದ ಎಲೆಯೇ ಸಾಕ್ಷಿ. ಜಗತ್ತಿನ ತಜ್ಞರು ಒಪ್ಪಿಕೊಂಡ ನಿಯಮ ಇದೇ. ತೆಲಸಂಗದ ಕಡೆಯ ಆ ಮಾವ ಯಾವ ಪುಸ್ತಕವನ್ನೂ ಓದದೆ ಇದೇ ಜಾಗದಿಂದ ಎಲೆ ಹರಿಯುತ್ತಿದ್ದರು. ತೊಟ್ಟು ಕೂಡುವ ಕಡೆಯ ಸೀಳು ಅಗಲವೋ ಇಕ್ಕಟ್ಟೋ, ಅಂಚಿನ ಹಲ್ಲು ಚೂಪೋ ಮೊಂಡೋ, ಹಾಲೆಗಳ ನಡುವಿನ ಕಚ್ಚು ಎಷ್ಟು ಆಳ, ಕೆಳಬದಿಯಲ್ಲಿ ರೋಮ ಇದೆಯೋ ಇಲ್ಲವೋ, ಇಷ್ಟನ್ನು ಬೆರಳು ಆಡಿಸಿ ನೋಡುತ್ತಿದ್ದರು. ಥಾಮ್ಸನ್ ಎಲೆ ಎರಡೂ ಬದಿ ನುಣುಪು. ಬೆಂಗಳೂರು ನೀಲಿಯ ಎಲೆ ತಿರುವಿದರೆ ಕಂಬಳಿಯ ಹಾಗೆ ರೋಮ.

ಬೆಂಗಳೂರು ನೀಲಿ ಆ ಸೀಮೆಯ ಬೆಳೆಯಲ್ಲ. ಅದು ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರದ ಕಡೆಯದು. ಯಾರೋ ನೆಂಟರು ತಂದುಕೊಟ್ಟ ಒಂದು ಬಳ್ಳಿ ಮಾವನ ಮನೆಯ ಹಿತ್ತಿಲಲ್ಲಿತ್ತು. ಹುಡುಗನಿಗೆ ಅದೇ ದೊಡ್ಡ ಪಾಠಶಾಲೆಯಾಯಿತು. ಥಾಮ್ಸನ್ ಕಡ್ಡಿಯಲ್ಲಿ ಎರಡು ಗೆಣ್ಣಿಗೆ ಕುಡಿಬಳ್ಳಿ ಬಂದರೆ ಮೂರನೆಯದು ಖಾಲಿ, ಮತ್ತೆ ಎರಡಕ್ಕೆ ಬರುತ್ತದೆ, ಮತ್ತೆ ಖಾಲಿ. ಯುರೋಪು ಮತ್ತು ಪಶ್ಚಿಮ ಏಷ್ಯಾದ ವಿನಿಫೆರಾ ದ್ರಾಕ್ಷಿಯ ಕುಲಲಕ್ಷಣ ಇದು. ಅಮೆರಿಕದ ಲ್ಯಾಬ್ರುಸ್ಕಾ ದ್ರಾಕ್ಷಿಯಲ್ಲಿ ಒಂದರ ಹಿಂದೆ ಒಂದರಂತೆ ಪ್ರತಿ ಗೆಣ್ಣಿಗೂ ಕುಡಿಬಳ್ಳಿ. ಬೆಂಗಳೂರು ನೀಲಿಯ ವಂಶದಲ್ಲಿ ಆ ಲ್ಯಾಬ್ರುಸ್ಕಾ ಇದೆ. ಹಿಸುಕಿದರೆ ಸಿಪ್ಪೆ ಒಂದು ಕಡೆ, ತಿರುಳು ಒಂದು ಕಡೆ ಜಾರುವುದು, ಬಾಯಿ ತುಂಬುವ ಆ ಗಾಢ ವಾಸನೆ, ಎಲ್ಲ ಬಂದದ್ದು ಅಲ್ಲಿಂದಲೇ. ಹಣ್ಣಿಲ್ಲದ ಕಾಲದಲ್ಲೂ ಬರೀ ಗೆಣ್ಣು ಎಣಿಸಿ ಒಂದು ಬಳ್ಳಿಯ ಮೂಲ ಖಂಡವನ್ನೇ ಊಹಿಸಬಹುದು ಎಂಬುದು ಇವತ್ತಿಗೂ ಅವರಿಗೆ ಬೆರಗಿನ ವಿಷಯ.

ಈ ವಿದ್ಯೆಯನ್ನು ಶಾಸ್ತ್ರವಾಗಿ ಕಟ್ಟಿದವರು ಫ್ರಾನ್ಸಿನ ಮೊಂಪೆಲಿಯೆಯ ಪಿಯೇರ್ ಗಾಲೆ. ಎಲೆಯ ನರಗಳ ಉದ್ದ, ಅವುಗಳ ನಡುವಿನ ಕೋನ, ಸೀಳಿನ ಆಳ ಅಳೆದು ಅವರು ತಳಿಗಳನ್ನು ಬೇರ್ಪಡಿಸಿದರು. ಅದೇ ಊರಿನ ಪರಂಪರೆಯ ಜ್ಯಾಂ ಮಿಶೆಲ್ ಬುರ್ಸಿಕೊ 1994ರ ನವೆಂಬರಿನಲ್ಲಿ ಚಿಲಿ ದೇಶದ ಒಂದು ತೋಟದಲ್ಲಿ ನಡೆಯುವಾಗ, ಮೆರ್ಲೋ ಎಂದು ಎಲ್ಲರೂ ಕರೆಯುತ್ತಿದ್ದ ಬಳ್ಳಿಯ ಹೂವಿನಲ್ಲಿ ಕೇಸರಗಳು ತಿರುಚಿಕೊಂಡಿದ್ದನ್ನು ಗಮನಿಸಿದರು. ಅದು ಮೆರ್ಲೋ ಆಗಿರಲಿಲ್ಲ. ಫ್ರಾನ್ಸಿನ ಬೋರ್ಡೊ ಸೀಮೆಯಲ್ಲಿ ಬಹುತೇಕ ಅಳಿದುಹೋಗಿದ್ದ ಕಾರ್ಮೆನೇರ್ ಆಗಿತ್ತು. ಮೆರ್ಲೋಗಿಂತ ವಾರಗಟ್ಟಲೆ ತಡವಾಗಿ ಮಾಗುವ ಈ ತಳಿಯನ್ನು ಚಿಲಿಯವರು ಮೆರ್ಲೋ ಜೊತೆಗೇ ಕೊಯ್ದು, ರುಚಿ ಯಾಕೆ ಹಸಿಯಾಗಿದೆ ಎಂದು ಒದ್ದಾಡುತ್ತಿದ್ದರು. ಡಿಎನ್‌ಎ ಪರೀಕ್ಷೆ ಆಮೇಲೆ ಅದನ್ನು ಖಚಿತಪಡಿಸಿತು. ಕಂಡುಹಿಡಿದದ್ದು ಮಾತ್ರ ಕಣ್ಣು.

ಇನ್ನು ಥಾಮ್ಸನ್ ವಂಶದ ಕಥೆ. ಕ್ಯಾಲಿಫೋರ್ನಿಯಾದ ವಿಲಿಯಂ ಥಾಮ್ಸನ್ 1872ರಲ್ಲಿ ನ್ಯೂಯಾರ್ಕ್ ರಾಜ್ಯದ ನರ್ಸರಿಯೊಂದರಿಂದ ಬೇರೆಯದೇ ಹೆಸರಿನಲ್ಲಿ ತರಿಸಿದ ಕಡ್ಡಿಗಳಿಂದ ಅಮೆರಿಕದಲ್ಲಿ ಈ ಹೆಸರು ಹಬ್ಬಿತು. ಬಳ್ಳಿ ಮಾತ್ರ ಹಳೆಯದು. ಪಶ್ಚಿಮ ಏಷ್ಯಾದಲ್ಲಿ ಸುಲ್ತಾನಾ, ಕಿಶ್‌ಮಿಶ್ ಎಂದು ಕರೆಸಿಕೊಳ್ಳುತ್ತಿದ್ದದ್ದು ಅದೇ. ನಮ್ಮ ಕಡೆ ಬಂದ ಮೇಲೆ ಅದಕ್ಕೆ ಹೊಸ ಸಂತಾನ ಹುಟ್ಟಿತು, ಅದೂ ವಿಜ್ಞಾನಿಗಳ ಕೈಯಲ್ಲಲ್ಲ, ರೈತರ ತೋಟದಲ್ಲಿ. ಸಾಂಗಲಿ ಜಿಲ್ಲೆಯ ತಾಸಗಾವ ತಾಲ್ಲೂಕಿನ ಬೋರಗಾವದ ವಸಂತರಾವ್ ಆರ್ವೆ ತಮ್ಮ ಥಾಮ್ಸನ್ ಬಳ್ಳಿಗಳ ನಡುವೆ ಬೇರೆಯಾಗಿ ಕಂಡದ್ದನ್ನು ಆರಿಸಿ ಬೆಳೆಸಿದ್ದು ತಾಸ್-ಎ-ಗಣೇಶ. ಸೋಲಾಪುರ ಬಳಿಯ ನಾನ್ನಜದ ನಾನಾಸಾಹೇಬ ಕಾಳೆ ಗುರುತಿಸಿದ್ದು ಸೋನಾಕಾ. ಟಿ.ಆರ್. ದಬಾಡೆ ಎಂಬ ರೈತರು ಆರಿಸಿದ್ದು ಮಾಣಿಕ್ ಚಮನ್. ಸಾವಿರಾರು ಗೊಂಚಲುಗಳ ನಡುವೆ ಒಂದು ಕಡ್ಡಿಯ ಕಾಯಿ ಉಳಿದವಕ್ಕಿಂತ ಉದ್ದವಾಗಿದೆ ಎಂದು ಗಮನಿಸಿ, ಅದನ್ನು ಗುರುತು ಹಾಕಿ, ಕಡ್ಡಿ ತೆಗೆದು ಊರಿ, ಮುಂದಿನ ಬೆಳೆಗಳಲ್ಲೂ ಅದೇ ಗುಣ ಬರುತ್ತದೋ ಎಂದು ಕಾದು ನೋಡುವುದು ಸಣ್ಣ ಕೆಲಸವಲ್ಲ. ಈ ಹೆಸರುಗಳನ್ನು ಕಬ್ಬೂರಿನ ಈ ರೈತರು ಇಂದಿಗೂ ಗುರುಗಳ ಹೆಸರು ಹೇಳುವ ಗೌರವದಿಂದಲೇ ಹೇಳುತ್ತಾರೆ.

ತಮ್ಮದೇ ಹೊಲದಲ್ಲಿ ದ್ರಾಕ್ಷಿ ಹಾಕುವ ಕಾಲ ಬಂದಾಗ ಅವರು ಮೊದಲು ಡಾಗ್‌ರಿಜ್ ಬೇರುಸಸಿ ನೆಟ್ಟರು. ಟೆಕ್ಸಸ್ಸಿನ ಕಾಡುದ್ರಾಕ್ಷಿಯ ಮೂಲದ ಈ ಬೇರುಸಸಿ ನೀರಿನ ಕೊರತೆ, ಸವುಳು ನೀರು ಎರಡನ್ನೂ ತಡೆದುಕೊಳ್ಳುತ್ತದೆ ಎಂದು 1990ರ ದಶಕದಿಂದ ನಮ್ಮ ಕಡೆ ಮನೆಮಾತಾಗಿದೆ. ಅದರ ಮೇಲೆ ಕಸಿ ಕಟ್ಟಲು ಪರಿಚಿತರೊಬ್ಬರ ತೋಟದಿಂದ ಮಾಣಿಕ್ ಚಮನ್ ಎಂದು ಕಡ್ಡಿ ಬಂದವು. ಕೊಟ್ಟವರ ಮನಸ್ಸಿನಲ್ಲಿ ಕಪಟ ಇರಲಿಲ್ಲ, ಅವರ ತೋಟದಲ್ಲೇ ಬೆರಕೆಯಾಗಿತ್ತು.

ಬೆರಕೆ ಮೊದಲು ಗೊತ್ತಾದದ್ದು ಚಿಗುರಿನಲ್ಲಿ. ಕೆಲವು ಕಡೆ ಎಳೆ ತುದಿಗಳ ಮೇಲೆ ಬಿಳಿ ನೂಲಿನಂಥ ರೋಮ, ಎಲೆಗಳಲ್ಲಿ ಹೆಚ್ಚು ಸೀಳಿಲ್ಲ. ಅಲ್ಲಿ ಕಸಿ ಸತ್ತು ಡಾಗ್‌ರಿಜ್ ತಾನೇ ಮೇಲೆದ್ದಿತ್ತು. ಅದು ಸುಲಭದ ತೊಡಕು, ಕಡಿದು ಮತ್ತೆ ಕಸಿ ಕಟ್ಟಿದರೆ ಮುಗಿಯಿತು. ಇನ್ನು ಕೆಲವು ಬಳ್ಳಿಗಳ ಎಲೆಯಲ್ಲಿ ಕಚ್ಚು ಆಳವಾಗಿತ್ತು, ಕೆಳಬದಿ ನುಣುಪಿರಲಿಲ್ಲ. ಥಾಮ್ಸನ್ ಮನೆತನದವು ಅಲ್ಲವೇ ಅಲ್ಲ ಎಂದು ಮಾವ ಹಣ್ಣು ಬರುವ ಮೊದಲೇ ಹೇಳಿಬಿಟ್ಟರು. ಉಳಿದ ಸಾಲುಗಳಲ್ಲಿ ಎಲೆ ಎಲ್ಲ ಒಂದೇ. ಆದರೆ ಹೂವು ಒಂದೇ ಹೊತ್ತಿಗೆ ಬರಲಿಲ್ಲ, ಔಷಧ ಮುಟ್ಟಿಸದ ಗೊಂಚಲುಗಳಲ್ಲಿ ಕಾಯಿಯ ಉದ್ದ ಬೇರೆಬೇರೆಯಾಗಿತ್ತು. ಜಿಎ ಕೊಡುವ ದಿನ ಹೂವಿನ ಹಂತ ನೋಡಿ ನಿಗದಿಯಾಗುತ್ತದೆ. ಒಂದೇ ಸಾಲಿನಲ್ಲಿ ಎರಡು ಹಂತ ಇದ್ದರೆ ಒಂದಕ್ಕೆ ಹದವಾದ ಔಷಧ ಇನ್ನೊಂದಕ್ಕೆ ಅಕಾಲ. ಆ ವರ್ಷದ ಮಾಲಿನಲ್ಲಿ ದಪ್ಪ, ಸಣ್ಣ ಎಲ್ಲ ಕಲೆಸಿಹೋಗಿ ದರ ಬೀಳಲು ಇಷ್ಟು ಸಾಕಾಯಿತು.

ಜೀನು ಪರೀಕ್ಷೆಯ ಕಡೆ ಅವರು ತಿರುಗಿದ್ದು ಆಗ. ಕೃಷಿ ಪದವಿ ಓದಿದ ಗೆಳೆಯರೊಬ್ಬರ ಮೂಲಕ ಎಳೆ ಎಲೆಗಳ ಮಾದರಿಯನ್ನು ಐಸ್ ಪೆಟ್ಟಿಗೆಯಲ್ಲಿ ಪ್ರಯೋಗಾಲಯಕ್ಕೆ ಕಳಿಸಿದರು. ಕೆಲಸ ನಡೆಯುವ ರೀತಿ ಹೀಗೆ. ದ್ರಾಕ್ಷಿಯ ಜೀವಕೋಶದಲ್ಲಿ 19 ಜೊತೆ ವರ್ಣತಂತುಗಳಿವೆ. ಅವುಗಳಲ್ಲಿ ಅಲ್ಲಲ್ಲಿ ಡಿಎನ್‌ಎಯ ಎರಡಕ್ಷರದ ತುಣುಕು ಒಂದರ ಹಿಂದೆ ಒಂದು ಮರುಕಳಿಸುತ್ತ ಹೋಗುತ್ತದೆ. ಎಷ್ಟು ಬಾರಿ ಮರುಕಳಿಸುತ್ತದೆ ಎಂಬುದು ತಳಿಯಿಂದ ತಳಿಗೆ ಬೇರೆ. ಪ್ರತಿ ಜಾಗದಲ್ಲೂ ಒಂದು ಉದ್ದ ತಾಯಿಯಿಂದ, ಒಂದು ಉದ್ದ ತಂದೆಯಿಂದ ಬರುತ್ತದೆ. ಇಂಥ ಒಂಬತ್ತು ಜಾಗಗಳ ಉದ್ದ ಅಳೆದರೆ ಬಹುತೇಕ ತಳಿಗಳ ಚಹರೆ ಬಿದ್ದಹಾಗೆ. ಆಸ್ಟ್ರೇಲಿಯಾದ ವಿಜ್ಞಾನಿಗಳು 1993ರಲ್ಲಿ ದ್ರಾಕ್ಷಿಗೆ ಈ ವಿಧಾನ ಹೂಡಿದರು. 1997ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಜಾನ್ ಬವರ್ಸ್ ಮತ್ತು ಕ್ಯಾರಲ್ ಮೆರೆಡಿತ್ ಇದೇ ಅಳತೆಯಿಂದ ಕೆಬರ್ನೆ ಸೋವಿನ್ಯೋ ಎಂಬ ಹೆಸರುವಾಸಿ ತಳಿಯ ತಂದೆತಾಯಿಗಳನ್ನು ಕಂಡುಹಿಡಿದರು. ಒಂದು ಕೆಬರ್ನೆ ಫ್ರಾನ್, ಇನ್ನೊಂದು ಸೋವಿನ್ಯೋ ಬ್ಲಾನ್. ಇಷ್ಟು ಹೆಸರಾದ ಕಪ್ಪು ದ್ರಾಕ್ಷಿಯ ಹೆತ್ತವರಲ್ಲಿ ಒಂದು ಹಸಿರು ಹಣ್ಣಿನದು ಎಂಬುದು ಅನೇಕರಿಗೆ ಅಚ್ಚರಿ ತಂದಿತು. ಪುಣೆಯ ಮಾಂಜರಿಯಲ್ಲಿ ನಮ್ಮ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಶುರುವಾದದ್ದೂ ಅದೇ 1997ರಲ್ಲಿ.

ಹೆಸರಿನ ಎಡವಟ್ಟು ಹೊಲದಲ್ಲಿ ಮಾತ್ರ ಆಗುತ್ತದೆಂದು ತಿಳಿಯಬಾರದು. 2007ರಲ್ಲಿ ಫ್ರಾನ್ಸ್ ಮತ್ತು ಇಟಲಿಯ ವಿಜ್ಞಾನಿಗಳು ದ್ರಾಕ್ಷಿಯ ಪೂರ್ತಿ ಜೀನೋಮ್ ಓದಿ ಪ್ರಕಟಿಸಿದರು. ಓದಲು ಆರಿಸಿದ ಬಳ್ಳಿ ಪಿನೋ ನ್ವಾರ್ ತಳಿಯಿಂದಲೇ ಇಳಿದದ್ದು ಎಂದು ದಾಖಲೆಯಲ್ಲಿತ್ತು. 2023ರಲ್ಲಿ ಹೊಸದಾಗಿ ಓದಿದಾಗ ಅದು ಹೆಲ್ಫೆನ್‌ಸ್ಟೈನರ್ ಎಂಬ ತಳಿಯ ಸಂತತಿ ಎಂದು ತಿಳಿಯಿತು. ಆ ಹೆಲ್ಫೆನ್‌ಸ್ಟೈನರ್ ಪಿನೋ ನ್ವಾರ್ ಮತ್ತು ಸ್ಕಿಯಾವಾ ಗ್ರೊಸ್ಸಾ ಕೂಡಿ ಹುಟ್ಟಿದ್ದು. ಜಗತ್ತಿನ ದ್ರಾಕ್ಷಿ ವಿಜ್ಞಾನಕ್ಕೆಲ್ಲ ಅಳತೆಗೋಲಾಗಿದ್ದ ಬಳ್ಳಿಯ ಚೀಟಿಯೇ ಅಷ್ಟು ವರ್ಷ ತಪ್ಪಿತ್ತು. ಆ ಸ್ಕಿಯಾವಾ ಗ್ರೊಸ್ಸಾ ನಮಗೂ ದೂರದ್ದಲ್ಲ. ನಾವು ಗುಲಾಬಿ ಎಂದು ಕರೆಯುವ ಮಸ್ಕಟ್ ಹ್ಯಾಂಬರ್ಗ್ ದ್ರಾಕ್ಷಿಯ ಹೆತ್ತವರಲ್ಲಿ ಅದೂ ಒಂದು.

ಕಬ್ಬೂರಿನ ಎಲೆಗಳ ವರದಿ ಬಂತು. ಆಳ ಕಚ್ಚಿನ ಎಲೆಯ ಬಳ್ಳಿಗಳು ಥಾಮ್ಸನ್ ವಂಶವಲ್ಲ ಎಂದು ಅದರಲ್ಲಿತ್ತು. ಮಾವ ಹೇಳಿದ್ದೇ ನಿಜವಾಯಿತು. ಆದರೆ ಉದ್ದ ಕಾಯಿಯದು, ಗಿಡ್ಡ ಕಾಯಿಯದು ಎಂದು ಬೇರೆ ಬೇರೆ ಕಳಿಸಿದ ಮಾದರಿಗಳ ಅಳತೆ ಎಲ್ಲ ಜಾಗದಲ್ಲೂ ತದ್ರೂಪ. ಕಾಗದದ ಪ್ರಕಾರ ಅವೆಲ್ಲ ಒಂದೇ ಬಳ್ಳಿ.

"ಯಂತ್ರಕ್ಕ ಕಾಣಲಿಲ್ಲಂದ್ರ ಇಲ್ಲಂತೇನು, ಅಳಿಯಾ? ಕಾಯಿ ಕಣ್ಣ ಮುಂದ ಅದಾವಲ್ಲ" ಎಂದರು ಮಾವ.

ವರದಿಯದೂ ಸರಿ, ಮಾವನ ಮಾತೂ ಸರಿ. ಇದನ್ನು ಅರಗಿಸಿಕೊಳ್ಳಲು ಕಬ್ಬೂರಿನ ರೈತರಿಗೆ ಬೆಂಗಳೂರು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳ ಉದಾಹರಣೆ ನೆರವಾಯಿತು. ಅಲ್ಲಿ ಬ್ಲ್ಯಾಕ್ ಚಂಪಾ ಮತ್ತು ಥಾಮ್ಸನ್ ತಳಿಗಳನ್ನು ಕೂಡಿಸಿ ಅರ್ಕಾವತಿ, ಅರ್ಕ ನೀಲಮಣಿ, ಅರ್ಕ ಕೃಷ್ಣ ಎಂಬ ಮೂರನ್ನು ಪಡೆದರು. ಮೂರೂ ಒಂದೇ ತಂದೆತಾಯಿಯ ಮಕ್ಕಳು. ಆದರೆ ಪ್ರತಿಯೊಂದೂ ಬೇರೆ ಬೀಜದಿಂದ ಹುಟ್ಟಿದ್ದು. ಬೀಜವಾಗುವಾಗ ಹೆತ್ತವರ ಜೀನುಗಳು ಪ್ರತಿ ಸಲವೂ ಹೊಸದಾಗಿ ಹಂಚಿಕೆಯಾಗುವುದರಿಂದ ಪರೀಕ್ಷೆ ಇವನ್ನು ಸಲೀಸಾಗಿ ಬೇರ್ಪಡಿಸುತ್ತದೆ. ಸೋನಾಕಾ, ಮಾಣಿಕ್ ಚಮನ್ ಹಾಗಲ್ಲ. ಅವುಗಳ ಮತ್ತು ಥಾಮ್ಸನ್ ನಡುವೆ ಬೀಜ ಬಂದೇ ಇಲ್ಲ, ಬರೀ ಕಡ್ಡಿಯಿಂದ ಕಡ್ಡಿ. ಎಂದೋ ಕಡ್ಡಿಯ ಒಂದು ಕಣ್ಣಿನಲ್ಲಿ, ಡಿಎನ್‌ಎಯ ಒಂದೆರಡು ಕಡೆ ಆದ ಬದಲಾವಣೆಯಿಂದ ಕಾಯಿಯ ಆಕಾರ ತಿರುಗಿತು. ಕೋಟಿಗಟ್ಟಲೆ ಅಕ್ಷರಗಳಲ್ಲಿ ಒಂಬತ್ತು ಜಾಗ ಮಾತ್ರ ನೋಡುವ ಪರೀಕ್ಷೆಗೆ ಆ ಬದಲಾವಣೆ ಸಿಗುವ ಸಂಭವ ಬಹಳ ಕಡಿಮೆ. ಪಿನೋ ನ್ವಾರ್, ಪಿನೋ ಗ್ರಿ, ಪಿನೋ ಬ್ಲಾನ್ ಎಂಬ ಕಪ್ಪು, ಬೂದುಗೆಂಪು, ಹಸಿರು ಹಣ್ಣುಗಳೂ ಇದೇ ಕಾರಣಕ್ಕೆ ಆ ಪರೀಕ್ಷೆಯಲ್ಲಿ ಒಂದೇ ಎಂದು ಕಾಣುತ್ತವೆ.

ಇನ್ನೂ ಸೋಜಿಗದ್ದು ಪಿನೋ ಮೆನಿಯೆ ಎಂಬ ಅದೇ ಮನೆತನದ ಬಳ್ಳಿ. ಅದರ ಚಿಗುರಿನ ಮೇಲೆ ಹಿಟ್ಟು ಚೆಲ್ಲಿದಂತೆ ಬಿಳಿ ರೋಮ. ದ್ರಾಕ್ಷಿಯ ಕುಡಿ ಒಂದರ ಮೇಲೊಂದು ಪದರಗಳಲ್ಲಿ ಬೆಳೆಯುತ್ತದೆ. ಈ ಬಳ್ಳಿಯಲ್ಲಿ ಹೊರಪದರ ಮಾತ್ರ ಬದಲಾಗಿದೆ, ಒಳಗಿನದು ಹಳೆಯ ಪಿನೋ ಆಗಿಯೇ ಉಳಿದಿದೆ. 2002ರಲ್ಲಿ ಆಸ್ಟ್ರೇಲಿಯಾದ ಪಾಲ್ ಬಾಸ್ ಮತ್ತು ಮಾರ್ಕ್ ಥಾಮಸ್ ಹೊರಪದರದ ಕೋಶಗಳಿಂದಲೇ ಗಿಡ ಬೆಳೆಸಿದಾಗ ಬಂದದ್ದು ಕುಳ್ಳ ಗಿಡ, ಕುಡಿಬಳ್ಳಿ ಬರಬೇಕಾದ ಜಾಗದಲ್ಲೆಲ್ಲ ಗೊಂಚಲು. ಬದಲಾದದ್ದು ಗಿಡ ಜಿಬ್ಬರೆಲಿನ್‌ಗೆ ಸ್ಪಂದಿಸುವ ಜೀನು. ಅಥಣಿಯ ರೈತ ಬಕೆಟ್‌ನಲ್ಲಿ ಕಲಸುವ ಅದೇ ಜಿಎ. ಆ ಜೀನಿನಲ್ಲಿ ಆದ ಒಂದು ಅಕ್ಷರದ ಬದಲಾವಣೆ ಫ್ರಾನ್ಸಿನಲ್ಲಿ ಬೇರೆ ತಳಿಯ ಹೆಸರಾಗಿ ನಿಂತಿದೆ.

ಈಗ ಪೂರ್ತಿ ಜೀನೋಮ್ ಓದುವ ದಾರಿ ಇದೆ. 2018ರಲ್ಲಿ ಆಸ್ಟ್ರೇಲಿಯಾದವರು ಶಾರ್ಡನೇ ತಳಿಯ ಕ್ಲೋನುಗಳನ್ನು ಹೀಗೆ ಓದಿ, ಒಂದೊಂದಕ್ಕೂ ಪ್ರತ್ಯೇಕ ಗುರುತು ಸಿಗುತ್ತದೆಂದು ತೋರಿಸಿದರು. ಥಾಮ್ಸನ್ ಸಂತಾನಕ್ಕೂ ಇದೇ ಅಳತೆ ನರ್ಸರಿಯ ಬಾಗಿಲಿಗೆ, ರೈತನ ಕೈಗೆಟಕುವ ಬೆಲೆಗೆ ಬರಬೇಕು ಎಂಬುದು ಕಬ್ಬೂರಿನ ರೈತರ ಆಸೆ. ಅದು ಬರುವವರೆಗೆ ಗತಿ ತಾಯಿಬಳ್ಳಿಯೇ. ಹಣ್ಣು ತುಂಬಿ ನಿಂತ ಜನವರಿ, ಫೆಬ್ರುವರಿಯಲ್ಲೇ, ಔಷಧ ಮುಟ್ಟಿಸದ ಗೊಂಚಲು ನೋಡಿ, ಒಪ್ಪಿಗೆಯಾದ ಬಳ್ಳಿಯ ಕಾಂಡಕ್ಕೆ ಬಣ್ಣ ಹಚ್ಚಿಬಿಡಬೇಕು. ಕಡ್ಡಿ ತೆಗೆಯುವ ಕಾಲದಲ್ಲಿ ಬಣ್ಣ ಇಲ್ಲದ ಬಳ್ಳಿಗೆ ಕತ್ತರಿ ಹಾಕಬಾರದು. ಕಡ್ಡಿ ಕೇಳಿಕೊಂಡು ಬಂದ ಪ್ರತಿಯೊಬ್ಬರಿಗೂ ಅವರು ಇದನ್ನೇ ಹೇಳುತ್ತಾರೆ.

ಬಳ್ಳಿ ಗುರುತಿಸುವ ಈ ಕಣ್ಣಿಗೆ ಕಾನೂನಿನಲ್ಲೂ ಜಾಗವಿದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತ ಗುರುತಿಸಿದ ತಳಿಯನ್ನು ರೈತನ ಹೆಸರಲ್ಲೇ ನೋಂದಾಯಿಸಲು ಅವಕಾಶ ಕೊಡುತ್ತದೆ. ತಳಿ ಬೇರೆಯಾಗಿರಬೇಕು, ಏಕರೂಪವಾಗಿರಬೇಕು, ಸ್ಥಿರವಾಗಿರಬೇಕು. ಇದನ್ನು ಪರೀಕ್ಷಿಸುವ ಪಟ್ಟಿಯಲ್ಲಿ ಇರುವುದು ಕುಡಿಯ ತುದಿ, ಎಲೆಯ ಸೀಳು, ಹಲ್ಲು, ಕಾಯಿಯ ಆಕಾರ. ಮಾವ ಬೆರಳಿನಿಂದ ಓದುತ್ತಿದ್ದ ಅದೇ ಗುಣಗಳು. ಕಬ್ಬೂರಿನ ತೋಟದಲ್ಲೂ ಈಚೆಗೆ ಒಂದು ಬಳ್ಳಿಯ ಒಂದೇ ತೋಳಿನಲ್ಲಿ ಕಾಯಿ ಬೇರೆಯಾಗಿ ಬರುತ್ತಿದೆ, ಉದ್ದ ಹೆಚ್ಚು, ತೊಟ್ಟಿನ ಹಿಡಿತ ಗಟ್ಟಿ. ಆ ತೋಳಿನ ಕಣ್ಣುಗಳನ್ನು ಡಾಗ್‌ರಿಜ್ ಮೇಲೆ ಕೂರಿಸಿ ಅವರು ಒಂದು ಸಾಲು ಮಾಡಿದ್ದಾರೆ. ಹೋಲಿಸಿ ನೋಡಲು ಅದೇ ಬಳ್ಳಿಯ ಉಳಿದ ತೋಳುಗಳ ಕಣ್ಣುಗಳಿಂದ ಪಕ್ಕದಲ್ಲೇ ಇನ್ನೊಂದು ಸಾಲು. ಎರಡಕ್ಕೂ ಒಂದೇ ನೀರು, ಒಂದೇ ಗೊಬ್ಬರ, ಒಂದೇ ದಿನ ಚಾಟ್ನಿ, ಯಾವುದಕ್ಕೂ ಜಿಎ ಇಲ್ಲ. ಹೊಸ ತಳಿಗೆ ಏನು ಹೆಸರಿಡೋಣ ಎಂದು ಮನೆಯಲ್ಲಿ ಈಗಲೇ ಮಾತು ಎದ್ದಿದೆ. ಕೆಲವು ಬೆಳೆ ಕಾಯಿ ಅಳೆದು ಬರೆದಿಡುವವರೆಗೆ ಆ ಸಾಲಿಗೆ ಸಾಲಿನ ನಂಬರೇ ಹೆಸರು ಎಂದು ಅವರು ಕಡ್ಡಿ ಮುರಿದಂತೆ ಹೇಳಿದ್ದಾರೆ.